ಗ್ರಿಡ್ ಹೋದ ಮೇಲಿನ ಹತ್ತು ಸೆಕೆಂಡು

ಇಂಧನವನ್ನು ಸುಡದೆ ನೇರವಾಗಿ ಕರೆಂಟು ಮಾಡುವ ಫ್ಯೂಯಲ್ ಸೆಲ್ ಬಂದು ಕೂತರೆ ಸಾಕು, ಇನ್ನು ಕರೆಂಟು ಹೋಗುವ ಚಿಂತೆ ಇಲ್ಲ ಅಂತ ನಾನೂ ನಂಬಿದ್ದೆ. ಮೊದಲ ಪರೀಕ್ಷೆಯ ದಿನ ಗ್ರಿಡ್, ಅಂದರೆ ಊರಿನ ವಿದ್ಯುತ್ ಜಾಲದ ಕಡೆಯ ಬ್ರೇಕರನ್ನು ನಾವೇ ಬೇಕೆಂದು ತೆರೆದು ಕರೆಂಟು ಕಡಿದೆವು. ಯುಪಿಎಸ್‌ಗಳು ಲೋಡ್ ಹಿಡಿದುಕೊಂಡವು. ಹಳೆಯ ಡೀಸೆಲ್ ಜನರೇಟರುಗಳು ಗುಡುಗುತ್ತ ಎದ್ದವು. ಮಲಗಿದ್ದು ಒಂದೇ ಒಂದು. ಎರಡು ವರ್ಷ ಓಡಾಡಿ ತಂದು ಕೂರಿಸಿದ್ದ ಹೊಸ ಫ್ಯೂಯಲ್ ಸೆಲ್.

ಆ ದಿನ ಏನಾಯಿತು ಅನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ನಾನು ಒಂದು ಆಸ್ಪತ್ರೆಯ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ತೊಂದರೆ ಗಂಟೆಗಟ್ಟಲೆ ಕರೆಂಟು ಹೋಗುವುದಾಗಿರಲಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ವೋಲ್ಟೇಜ್ ಕುಸಿಯುತ್ತಿತ್ತು. ದೀಪ ಒಮ್ಮೆ ಮಂಕಾಗಿ ಮತ್ತೆ ಸರಿಯಾಗುತ್ತಿತ್ತು, ಅಷ್ಟೆ. ಆದರೆ ಆ ಅರ್ಧ ಕ್ಷಣಕ್ಕೆ ಲ್ಯಾಬಿನ ಯಂತ್ರ ರೀಸ್ಟಾರ್ಟ್ ಆಗುತ್ತಿತ್ತು, ಸ್ಕ್ಯಾನ್ ಅರ್ಧಕ್ಕೆ ನಿಲ್ಲುತ್ತಿತ್ತು. ಡೀಸೆಲ್ ಜನರೇಟರ್ ಇದಕ್ಕೆ ಮದ್ದಲ್ಲ. ಅದು ಎದ್ದು ಲೋಡ್ ಹಿಡಿಯಲು ಹತ್ತಿರ ಹತ್ತಿರ ಹತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಕುಸಿದ ವೋಲ್ಟೇಜ್ ವಾಪಸ್ ಬಂದಿರುತ್ತದೆ. ಇನ್ನೊಂದು ಕಿರಿಕಿರಿ ಏನೆಂದರೆ, ಜನರೇಟರನ್ನು ಪ್ರತಿ ತಿಂಗಳು ಓಡಿಸಿ ನೋಡಬೇಕು. ಕಡಿಮೆ ಲೋಡಿನಲ್ಲಿ ಓಡಿಸಿದರೆ ಸುಡದ ಡೀಸೆಲ್ ಮಸಿಯಾಗಿ ಎಂಜಿನ್ನಿನಲ್ಲಿ ಕೂರುತ್ತದೆ. ಓಡಿಸದೆ ಬಿಟ್ಟರೆ ಬೇಕಾದ ದಿನ ಏಳುತ್ತದೋ ಇಲ್ಲವೋ ಎಂಬ ಅನುಮಾನ.

ಸುಮ್ನೆ ಮೂಲೆಯಲ್ಲಿ ಕಾಯುತ್ತ ಕೂರುವ ಯಂತ್ರದ ಬದಲು, ದಿನದ 24 ಗಂಟೆ ಕೆಲಸ ಮಾಡುತ್ತಲೇ ಇರುವ ಯಂತ್ರ ಬೇಕು ಅನ್ನಿಸಿದ್ದು ಹಾಗೆ. ಓಡುತ್ತಿರುವ ಯಂತ್ರ ಓಡುತ್ತದೆ ಎನ್ನುವುದನ್ನು ಬೇರೆ ಪರೀಕ್ಷಿಸಬೇಕಾಗಿಲ್ಲವಲ್ಲ.

ಮೊದಲು ಮಾಡಿದ ಕೆಲಸ ಒಂದು ವರ್ಷದ ಮೀಟರ್ ರೀಡಿಂಗ್ ತೆಗೆದದ್ದು. 15 ನಿಮಿಷಕ್ಕೊಂದು ಅಂಕಿ. ನೋಡಲು ಬೇಸರ ಬರುವ ಕೆಲಸ, ಆದರೆ ಇಡೀ ಯೋಜನೆ ನಿಂತದ್ದು ಅದರ ಮೇಲೆಯೇ. ಹಗಲಲ್ಲಿ ನಮ್ಮ ಲೋಡ್ 900 ಕಿಲೋವ್ಯಾಟ್ ಮುಟ್ಟುತ್ತಿತ್ತು. ನಡುರಾತ್ರಿಯಲ್ಲೂ 420ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ನನಗೆ ಬೇಕಾಗಿದ್ದು ಈ ಎರಡನೆಯ ಅಂಕಿ. ಅತಿ ಹೆಚ್ಚಿನ ಲೋಡ್ ನೋಡಿ ಜನರೇಟರ್ ಕೊಳ್ಳುವವರು ಅದೇ ಲೆಕ್ಕದಲ್ಲಿ ಫ್ಯೂಯಲ್ ಸೆಲ್ ಕೊಂಡರೆ ಕೆಟ್ಟರು. ಇದು ಒಂದೇ ವೇಗದಲ್ಲಿ ನಡೆಯಲು ಇಷ್ಟಪಡುವ ಯಂತ್ರ. ಹಾಗಾಗಿ ತಳದ ಲೋಡ್ ನೋಡಿ 400 ಕಿಲೋವ್ಯಾಟ್ ಸಾಕು ಅಂದುಕೊಂಡೆವು. ಮೇಲಿನದ್ದನ್ನು ಗ್ರಿಡ್ ಕೊಡಲಿ.

ಯಾವ ಜಾತಿಯ ಫ್ಯೂಯಲ್ ಸೆಲ್ ಎನ್ನುವುದು ಮುಂದಿನ ಪ್ರಶ್ನೆ. ಎಲ್ಲದರ ಒಳಗುಟ್ಟು ಒಂದೇ. ಜಲಜನಕ, ಆಮ್ಲಜನಕ ಸೇರಿ ನೀರಾಗುತ್ತವೆ, ಬೆಂಕಿ ಇಲ್ಲದೆ. ಸುಡುವಾಗ ಬಿಸಿಯಾಗಿ ಹೋಗುವ ಶಕ್ತಿಯಲ್ಲಿ ದೊಡ್ಡ ಪಾಲು ಇಲ್ಲಿ ನೇರವಾಗಿ ಕರೆಂಟಾಗಿ ಹೊರಬರುತ್ತದೆ. ವಿಲಿಯಂ ಗ್ರೋವ್ ಇದನ್ನು 1839ರಲ್ಲೇ ಮಾಡಿ ತೋರಿಸಿದ್ದ. ಜಾತಿಗಳ ನಡುವಿನ ವ್ಯತ್ಯಾಸ ಎರಡು ಅನಿಲಗಳ ನಡುವೆ ಇದ್ದು ಅಯಾನುಗಳನ್ನಷ್ಟೇ ದಾಟಿಸುವ ಎಲೆಕ್ಟ್ರೊಲೈಟ್‌ನದು, ಅದರಿಂದ ಬರುವ ಬಿಸಿಯದು. ಕಾರುಗಳಲ್ಲಿ ಬಳಸುವ, ತೆಳು ಪಾಲಿಮರ್ ಪೊರೆಯ ಪೆಮ್ ಸೆಲ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಬೇಗ ಏಳುತ್ತದೆ. ಆದರೆ ಅದಕ್ಕೆ ಅಪ್ಪಟ ಜಲಜನಕವೇ ಬೇಕು. ಇಂಧನದಲ್ಲಿ ಹತ್ತು ಲಕ್ಷಕ್ಕೆ ಹತ್ತು ಪಾಲು ಕಾರ್ಬನ್ ಮೊನಾಕ್ಸೈಡ್ ಇದ್ದರೂ ಅದರೊಳಗೆ ಕ್ರಿಯೆಯನ್ನು ಚುರುಕುಗೊಳಿಸುವ ಪ್ಲಾಟಿನಂ ಉಸಿರುಗಟ್ಟಲು ಶುರುವಾಗುತ್ತದೆ. ಸಾಲಿಡ್ ಆಕ್ಸೈಡ್ ಸೆಲ್ 600ರಿಂದ 1000 ಡಿಗ್ರಿಯಲ್ಲಿ ಓಡುತ್ತದೆ, ಇಂಧನದ ಶಕ್ತಿಯಲ್ಲಿ 60 ಶೇಕಡಾದವರೆಗೂ ಕರೆಂಟಾಗಿ ತೆಗೆಯುತ್ತದೆ. ಆದರೆ ಒಮ್ಮೆ ತಣ್ಣಗಾದರೆ ಅದರ ಪಿಂಗಾಣಿ ಪದರ ಬಿರುಕು ಬಿಡದಂತೆ ನಿಧಾನವಾಗಿ ಬಿಸಿಮಾಡಬೇಕು.

ನಾವು ನಡುವಿನದನ್ನು ಹಿಡಿದೆವು. ಫಾಸ್ಪಾರಿಕ್ ಆಸಿಡ್ ಸೆಲ್. ಸುಮಾರು 200 ಡಿಗ್ರಿ, ಕರೆಂಟಿನ ಲೆಕ್ಕದಲ್ಲಿ 40 ಶೇಕಡಾದ ಆಚೀಚೆ. ತನಗೆ ಬೇಕಾದ ಜಲಜನಕವನ್ನು ಕೊಳವೆಯಲ್ಲಿ ಬರುವ ಗ್ಯಾಸಿನಿಂದ ತಾನೇ ಮಾಡಿಕೊಳ್ಳುವ ಯಂತ್ರ. ಹಳೆಯ ತಂತ್ರ ಅಂತ ಮೂಗು ಮುರಿಯುವವರು ಇದ್ದಾರೆ. ಆಸ್ಪತ್ರೆಗೆ ಹಳೆಯದೇ ವಾಸಿ ಎಂಬುದು ನನ್ನ ವಾದವಾಗಿತ್ತು. ಮೇಲಾಗಿ ನಮಗೆ ಬಿಸಿನೀರು ಬೇಕು. ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು, ಸ್ನಾನಕ್ಕೆ. ಈ ಯಂತ್ರ ಕರೆಂಟಿನಷ್ಟೇ ಬಿಸಿಯನ್ನೂ ಕೊಡುತ್ತದೆ. ಎರಡನ್ನೂ ಬಳಸಿಕೊಂಡರೆ ಗ್ಯಾಸಿನ ಶಕ್ತಿಯಲ್ಲಿ 80 ಶೇಕಡಾಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಬಳಸದೆ ಫ್ಯಾನ್ ಹಾಕಿ ಗಾಳಿಗೆ ಬಿಟ್ಟರೆ ಅರ್ಧ ಲಾಭ ಆಕಾಶಕ್ಕೆ.

ಆಡಳಿತ ಮಂಡಳಿಯ ಸಭೆಯಲ್ಲಿ ನಾನು ಹೇಳಿದ ಕಥೆ ನ್ಯೂಯಾರ್ಕಿನದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ, ಕೆನಡಾದ ಒಂಟಾರಿಯೊ ಎಲ್ಲ ಕತ್ತಲಾದವು. ಸುಮಾರು 5 ಕೋಟಿ ಜನಕ್ಕೆ ಕರೆಂಟಿಲ್ಲ. ಆಗ ಸೆಂಟ್ರಲ್ ಪಾರ್ಕಿನ ಒಳಗಿನ ಪೊಲೀಸ್ ಠಾಣೆಯಲ್ಲಿ ದೀಪ ಉರಿಯುತ್ತಲೇ ಇತ್ತು. ಅಲ್ಲಿದ್ದದ್ದು 200 ಕಿಲೋವ್ಯಾಟಿನ ಫಾಸ್ಪಾರಿಕ್ ಆಸಿಡ್ ಫ್ಯೂಯಲ್ ಸೆಲ್. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಅದರಲ್ಲಿ ಒಂದು ಸಣ್ಣ ವಿಷಯವನ್ನು ನಾನು ಹೇಳಲಿಲ್ಲ, ಯಾಕೆಂದರೆ ಅದು ಎಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಆ ಠಾಣೆಯ ಯಂತ್ರ ಗ್ರಿಡ್ಡನ್ನು ನಂಬಿಕೊಂಡೇ ಇರಲಿಲ್ಲ. ಅದು ಒಂಟಿಯಾಗಿ ನಡೆಯುವಂತೆಯೇ ಹಾಕಿದ್ದು. ನಮ್ಮದು ಗ್ರಿಡ್ ಜೊತೆ ಜೋಡಿಯಾಗಿ ನಡೆಯುವ ಯಂತ್ರ. ಇವೆರಡರ ನಡುವೆ ಇರುವ ಕಂದಕದಲ್ಲೇ ನಾವು ಮುಂದೆ ಬಿದ್ದದ್ದು.

ಆಮೇಲೆ ಕಾಗದದ ಕಾಲ. ಗ್ರಿಡ್ ಕಂಪನಿಗೆ ಅರ್ಜಿ, ಗ್ಯಾಸ್ ಕಂಪನಿಗೆ ಅರ್ಜಿ, ಅಗ್ನಿಶಾಮಕ ಇಲಾಖೆಗೆ ಅರ್ಜಿ. ಗ್ಯಾಸಿನವರು ವಿದ್ಯುತ್ ಒಪ್ಪಿಗೆ ತೋರಿಸಿ ಅಂದರು. ವಿದ್ಯುತ್ತಿನವರು ಗ್ಯಾಸ್ ಒಪ್ಪಂದ ತೋರಿಸಿ ಅಂದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕೊನೆಗೆ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದಾಗ ಅರ್ಧ ಗಂಟೆಯಲ್ಲಿ ಮುಗಿಯಿತು. ಇದನ್ನು ಆರು ತಿಂಗಳ ಹಿಂದೆಯೇ ಮಾಡಬಹುದಿತ್ತು.

ಗ್ರಿಡ್ ಕಡೆಯ ಎಂಜಿನಿಯರ್ ಕೇಳಿದ ಪ್ರಶ್ನೆಗಳು ಮಾತ್ರ ಒಳ್ಳೆಯವು. ಅವು ಒಂದು ಮಾನದಂಡದ ಸುತ್ತ ಇದ್ದವು. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಟ್ರಿಪಲ್‌ಇಯ 1547 ಎಂಬ ಈ ಮಾನದಂಡ ಮೊದಲು 2003ರಲ್ಲಿ ಬಂತು, 2018ರಲ್ಲಿ ಪೂರ್ತಿ ಪರಿಷ್ಕಾರ ಆಯಿತು. ಸ್ಥಳೀಯವಾಗಿ ಕರೆಂಟು ಹುಟ್ಟಿಸುವವರು ಗ್ರಿಡ್ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಮಾನದಂಡ ಅದು. ಅದರ ಒಂದು ನಿಯಮ ಹೀಗಿದೆ. ಗ್ರಿಡ್ ಸತ್ತು, ಅದರ ಒಂದು ತುಂಡು ನಿಮ್ಮ ಯಂತ್ರದ ಬಲದಿಂದ ಜೀವಂತ ಉಳಿದುಬಿಟ್ಟರೆ, ಎರಡು ಸೆಕೆಂಡಿನ ಒಳಗೆ ನೀವು ಕೈಬಿಡಬೇಕು. ಕಾರಣ ಸರಳ. ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತಿದ ಮನುಷ್ಯನ ಕೈಗೆ ನಮ್ಮ ಕರೆಂಟು ತಾಗಬಾರದು. ನಿಯಮ ನ್ಯಾಯವಾದದ್ದೇ. ಆದರೆ ಅದರ ಅರ್ಥ ಏನು ನೋಡಿ. ಗ್ರಿಡ್ ಹೋದ ತಕ್ಷಣ, ಅಂದರೆ ನಮಗೆ ಅತಿ ಬೇಕಾದ ಆ ಕ್ಷಣದಲ್ಲೇ, ಫ್ಯೂಯಲ್ ಸೆಲ್ ತಾನೂ ಹೋಗಬೇಕು. ಬೇರೆ ಏರ್ಪಾಡು ಮಾಡದಿದ್ದರೆ ಅದು ಹಾಗೆಯೇ ಮಾಡುತ್ತದೆ.

ಜಪಾನಿನಲ್ಲಿ ಮನೆಗಳಿಗೆ ಎನೆ-ಫಾರ್ಮ್ ಹೆಸರಿನ ಪುಟ್ಟ ಫ್ಯೂಯಲ್ ಸೆಲ್‌ಗಳು 2009ರಿಂದ ಮಾರಾಟಕ್ಕೆ ಬಂದವು. ಮೊದಲ ಮಾದರಿಗಳು ಕರೆಂಟು ಹೋದಾಗ ತಾವೂ ನಿಂತುಬಿಡುತ್ತಿದ್ದವು. 2011ರ ಭೂಕಂಪದಲ್ಲಿ ಅದರ ಬಿಸಿ ತಟ್ಟಿದ ಮೇಲೆ, ಒಂಟಿಯಾಗಿ ನಡೆಯಬಲ್ಲ ಮಾದರಿಗಳು ಬಂದವು. ಈ ವಿಷಯ ಓದಿದ ದಿನ ನಾನು ನಮ್ಮ ನಕ್ಷೆ ಬಿಡಿಸಿ ಮತ್ತೆ ನೋಡಿದೆ.

ಏರ್ಪಾಡು ಎಂದರೆ ಇಷ್ಟು. ಆಸ್ಪತ್ರೆಯ ಲೋಡನ್ನು ಎರಡು ಭಾಗ ಮಾಡುವುದು. ನಿಲ್ಲಲೇಬಾರದ ಭಾಗ ಒಂದು ಪ್ಯಾನಲಿಗೆ, ಉಳಿದದ್ದು ಇನ್ನೊಂದಕ್ಕೆ. ಗ್ರಿಡ್ ಹೋದಾಗ ನಡುವಿನ ಬ್ರೇಕರ್ ತೆರೆದುಕೊಂಡು ಮೊದಲ ಪ್ಯಾನಲ್ ಗ್ರಿಡ್‌ನಿಂದ ಬೇರೆಯಾಗಿ ದ್ವೀಪವಾಗಬೇಕು. ಫ್ಯೂಯಲ್ ಸೆಲ್ ಒಮ್ಮೆ ಕೈಬಿಟ್ಟು, ಆ ದ್ವೀಪವನ್ನು ಮತ್ತೆ ಹಿಡಿಯಬೇಕು. ಆ ನಡುವಿನ ಹೊತ್ತನ್ನು ಯುಪಿಎಸ್ ತುಂಬಬೇಕು. ಕೇಳಲು ಸುಲಭ. ಆದರೆ ಸೆಲ್‌ನ ಡಿಸಿ ಕರೆಂಟನ್ನು ಕಟ್ಟಡಕ್ಕೆ ಬೇಕಾದ ಎಸಿ ಕರೆಂಟಾಗಿ ಬದಲಿಸುವ ಇನ್ವರ್ಟರಿಗೆ ಇದು ಸುಲಭವಲ್ಲ. ಗ್ರಿಡ್ ಇರುವಾಗ ಅದು ಬೇರೆಯವರು ಹಾಕುವ ತಾಳಕ್ಕೆ ಹೆಜ್ಜೆ ಹಾಕುತ್ತಿರುತ್ತದೆ. ಸೆಕೆಂಡಿಗೆ 50 ಸಲ, ಕೆಲವು ದೇಶಗಳಲ್ಲಿ 60 ಸಲ. ಗ್ರಿಡ್ ಹೋದ ಮೇಲೆ ತಾಳವನ್ನು ತಾನೇ ಹಾಕಬೇಕು.

ಯಂತ್ರ ಬಂದ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರೇನು, ಕಾಂಕ್ರೀಟು, ಗಲಾಟೆ. ಒಂದೇ ವಿಶೇಷ. ಫಾಸ್ಪಾರಿಕ್ ಆಸಿಡ್ ಸುಮಾರು 42 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಾಗಾಗಿ ಸ್ಟ್ಯಾಕ್, ಅಂದರೆ ಸೆಲ್‌ಗಳನ್ನು ಪೇರಿಸಿದ ಭಾಗ, ತಣ್ಣಗಾಗದಂತೆ ಬಾಣಂತಿಯ ಹಾಗೆ ಬೆಚ್ಚಗಿಟ್ಟು ನೋಡಿಕೊಳ್ಳಬೇಕು.

ಕಂಪನಿಯಿಂದ ಬಂದ ತಂತ್ರಜ್ಞೆ ಒಳಗೆಲ್ಲ ತೋರಿಸಿದರು. ಗ್ಯಾಸ್ ಒಳಬಂದ ಕೂಡಲೇ ಮೊದಲ ಡಬ್ಬಿ ಗಂಧಕ ತೆಗೆಯಲು. ಸೋರಿದರೆ ಗೊತ್ತಾಗಲಿ ಅಂತ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರಲ್ಲ, ಅದರಲ್ಲಿ ಗಂಧಕ ಇರುತ್ತದೆ. ನಮ್ಮ ಜೀವ ಉಳಿಸುವ ಆ ವಾಸನೆ ಯಂತ್ರಕ್ಕೆ ವಿಷ. ಮುಂದಿನದು ರಿಫಾರ್ಮರ್. ಅಲ್ಲಿ ಗ್ಯಾಸು ಮತ್ತು ನೀರಿನ ಹಬೆ ಬಿಸಿಯಲ್ಲಿ ಕೂಡಿ ಜಲಜನಕವೂ ಕಾರ್ಬನ್ ಮೊನಾಕ್ಸೈಡೂ ಆಗುತ್ತವೆ. ಇನ್ನೊಂದು ಡಬ್ಬಿಯಲ್ಲಿ ಆ ಮೊನಾಕ್ಸೈಡ್ ಮತ್ತೆ ಹಬೆ ಸೇರಿ ಇನ್ನಷ್ಟು ಜಲಜನಕ ಕೊಡುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ. ಆಮೇಲೆ ಸ್ಟ್ಯಾಕ್. ಒಂದೊಂದು ಸೆಲ್ ಲೋಡ್ ಇರುವಾಗ ಕೊಡುವುದು 0.6ರಿಂದ 0.7 ವೋಲ್ಟ್ ಮಾತ್ರ. ಅದಕ್ಕೇ ನೂರಾರು ಸೆಲ್‌ಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಸ್ಟ್ಯಾಕಿನಲ್ಲಿ ಮಿಕ್ಕ ಜಲಜನಕವನ್ನು ಉರಿಸಿ ರಿಫಾರ್ಮರ್ ಬಿಸಿಮಾಡುತ್ತಾರೆ. ಹುಟ್ಟಿದ ನೀರನ್ನು ಹಿಡಿದು ಮತ್ತೆ ಹಬೆ ಮಾಡುತ್ತಾರೆ. ಏನೂ ದಂಡವಾಗದ ಹಳೆಯ ಮನೆಯ ಯಜಮಾನಿಕೆ ಇದು. ನನಗೆ ತುಂಬ ಹಿಡಿಸಿತು.

ಇದು ಗ್ಯಾಸಿನಿಂದ ನಡೆಯುವ ಯಂತ್ರ, ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಸಿರು ಯಂತ್ರ ಅಂತ ಬೋರ್ಡ್ ಹಾಕೋಣ ಅಂದವರಿಗೆ ನಾನು ಬೇಡ ಅಂದೆ. ಹೊಗೆ ಇಲ್ಲ, ಮಸಿ ಇಲ್ಲ, ನೈಟ್ರೋಜನ್ ಆಕ್ಸೈಡ್ ತೀರಾ ಕಡಿಮೆ, ಪಕ್ಕದಲ್ಲಿ ನಿಂತು ಮಾತಾಡಬಹುದು. ಅಷ್ಟು ನಿಜ. ಅದಕ್ಕಿಂತ ಹೆಚ್ಚು ಹೇಳುವುದು ಬೇಡ.

ಗ್ರಿಡ್ ಜೊತೆ ಜೋಡಿಸಿದ ಮೊದಲ ದಿನ ಒಂದು ತಮಾಷೆ ಆಯಿತು. ನಾವು ಗ್ರಿಡ್ಡಿಗೆ ಕರೆಂಟು ಮಾರುವಂತಿಲ್ಲ, ಯಾವಾಗಲೂ ಸ್ವಲ್ಪವಾದರೂ ಕೊಳ್ಳುತ್ತಿರಬೇಕು ಎಂಬುದು ಒಪ್ಪಂದ. ಕಂಟ್ರೋಲರ್ ಅದನ್ನು ನೋಡಿಕೊಳ್ಳುತ್ತದೆ. ಯಂತ್ರ ಶುರುವಾಗಿ ಜೋಡಿಯಾದ ತಕ್ಷಣ, ಕಟ್ಟಡವೇ ಗ್ರಿಡ್ಡಿಗೆ 500 ಕಿಲೋವ್ಯಾಟ್ ಕೊಡುತ್ತಿದೆ ಅಂತ ಪರದೆ ತೋರಿಸಿತು. ಕಂಟ್ರೋಲರ್ ಹೆದರಿ ಫ್ಯೂಯಲ್ ಸೆಲ್ಲನ್ನು ತಗ್ಗಿಸುತ್ತ ಹೋಯಿತು. ಒಂದು ಗಂಟೆ ತಲೆ ಕೆರೆದುಕೊಂಡೆವು. ಕೊನೆಗೆ ನೋಡಿದರೆ ಕರೆಂಟ್ ಟ್ರಾನ್ಸ್‌ಫಾರ್ಮರನ್ನು, ತಂತಿಯಲ್ಲಿ ಹರಿಯುವ ಕರೆಂಟು ಅಳೆಯಲು ತೊಡಿಸುವ, ನಾವು ಸಿಟಿ ಅಂತ ಕರೆಯುವ ಬಳೆಯನ್ನು, ನಮ್ಮ ಹುಡುಗರೇ ಉಲ್ಟಾ ತೊಡಿಸಿದ್ದರು. ಬಂದದ್ದನ್ನು ಹೋದದ್ದು ಅಂತ ಅದು ಎಣಿಸುತ್ತಿತ್ತು. ತಿರುಗಿಸಿ ಹಾಕಿದೆವು, ಮುಗಿಯಿತು.

ಈಗ ಮೊದಲು ಹೇಳಿದ ಪರೀಕ್ಷೆಗೆ ಬರುತ್ತೇನೆ. ಬೆಳಗಿನ ಜಾವ ನಾಲ್ಕು ಗಂಟೆ. ಎಲ್ಲ ವಾರ್ಡಿಗೂ ಮೊದಲೇ ಹೇಳಿದ್ದೆವು. ಡೀಸೆಲ್ ಸಿದ್ಧವಿತ್ತು. ಬ್ರೇಕರ್ ತೆರೆದೆವು. ಫ್ಯೂಯಲ್ ಸೆಲ್ ಗ್ರಿಡ್ ಕೈಬಿಟ್ಟಿತು, ಅದು ಸರಿ. ದ್ವೀಪ ಹಿಡಿಯಲು ತಯಾರಾಗುತ್ತಿದೆ ಅಂತ ಪರದೆ ಹೇಳುತ್ತಿತ್ತು. ಅಷ್ಟರಲ್ಲಿ ಕೆಂಪು ದೀಪ. ಇಂಧನದ ಒತ್ತಡ ಕಡಿಮೆ. ಒಳಗೆ ನೈಟ್ರೋಜನ್ ನುಗ್ಗಿದ ಸದ್ದು ಕೇಳಿಸಿತು. ಉಳಿದ ಜಲಜನಕವನ್ನು ತಳ್ಳಿ ಒಳಭಾಗ ಕಾಪಾಡಿಕೊಳ್ಳುವುದು ಅದರ ಕೊನೆಯ ಕೆಲಸ. ಆಮೇಲೆ ನಿಶ್ಶಬ್ದ. ಬರೀ ಡೀಸೆಲ್ ಸದ್ದು.

"ಗ್ಯಾಸ್ ಕಂಪನಿಯವರು ಬಂದ್ ಮಾಡಿದ್ರಾ ಸಾರ್?" ಅಂತ ನಮ್ಮ ಹುಡುಗ ಕೇಳಿದ.

ಅವರು ಮಾಡಿರಲಿಲ್ಲ. ಬೀದಿಯ ಕಡೆಯ ಗೇಜಿನಲ್ಲಿ ಒತ್ತಡ ಸರಿಯಾಗಿತ್ತು. ನಮ್ಮ ಕಡೆಯ ಗೇಜಿನಲ್ಲಿ ಸೊನ್ನೆ. ನಡುವೆ ಇದ್ದದ್ದು ಒಂದು ಸೊಲೆನಾಯ್ಡ್ ವಾಲ್ವ್, ಅಂದರೆ ವಿದ್ಯುತ್ ಸುರುಳಿಯ ಬಲದಿಂದ ತೆರೆಯುವ ವಾಲ್ವ್. ಗ್ಯಾಸ್ ಸೋರಿಕೆ ಪತ್ತೆಯಾದರೆ ತಾನೇ ಮುಚ್ಚಿಕೊಳ್ಳುವ ಸುರಕ್ಷತಾ ವಾಲ್ವ್. ಅದು ಕರೆಂಟು ಇದ್ದರೆ ಮಾತ್ರ ತೆರೆದಿರುತ್ತದೆ, ಇಲ್ಲದಿದ್ದರೆ ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ಹಾಗೇ ಇರಬೇಕು, ಅದರಲ್ಲಿ ತಪ್ಪಿಲ್ಲ. ತಪ್ಪು ಇದ್ದದ್ದು ಅದಕ್ಕೆ ಕರೆಂಟು ಎಲ್ಲಿಂದ ಎಂಬುದರಲ್ಲಿ. ಆ ಕೋಣೆಯ ದೀಪ, ಫ್ಯಾನ್ ಇರುವ ಸಾಮಾನ್ಯ ಪ್ಯಾನಲಿನಿಂದ ಒಂದು ವೈರ್ ಎಳೆದಿದ್ದರು. ಹತ್ತಿರವಿತ್ತು, ಅದಕ್ಕೆ. ಗ್ರಿಡ್ ಹೋಯಿತು, ಸಾಮಾನ್ಯ ಪ್ಯಾನಲ್ ಸತ್ತಿತು, ವಾಲ್ವ್ ಮುಚ್ಚಿತು, ಫ್ಯೂಯಲ್ ಸೆಲ್ ಹಸಿವಿನಿಂದ ಮಲಗಿತು. ಬೆರಳು ಗಾತ್ರದ ಸುರುಳಿಗೆ ಬೇಕಾದ ಕೆಲವೇ ವ್ಯಾಟ್‌ಗಳಿಂದ 400 ಕಿಲೋವ್ಯಾಟ್ ನಿಂತುಹೋಯಿತು.

ನಕ್ಷೆಗೆ ಸಹಿ ಹಾಕಿದವನು ನಾನೇ. ವಿದ್ಯುತ್ ನಕ್ಷೆಯಲ್ಲಿ ಆ ವಾಲ್ವ್ ಇರಲಿಲ್ಲ, ಅದು ಗ್ಯಾಸ್ ನಕ್ಷೆಯಲ್ಲಿತ್ತು. ಗ್ಯಾಸ್ ನಕ್ಷೆಯಲ್ಲಿ ವೈರ್ ಇರಲಿಲ್ಲ, ಅದು ವಿದ್ಯುತ್ ಕೆಲಸ. ಎರಡು ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದವರು ಯಾರೂ ಇಲ್ಲ.

1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೋಲೊ 13 ನೌಕೆಯಲ್ಲಿ ಆದದ್ದೂ ಒಂದು ರೀತಿ ಇದೇ. ಅದರ ಮೂರು ಫ್ಯೂಯಲ್ ಸೆಲ್‌ಗಳನ್ನು ನಿಲ್ಲಿಸಿದ್ದು ಅವುಗಳ ಒಳಗಿನ ದೋಷ ಅಲ್ಲ. ಆಮ್ಲಜನಕದ ಟ್ಯಾಂಕ್ ಸಿಡಿಯಿತು, ಉಣ್ಣಲು ಏನೂ ಸಿಗಲಿಲ್ಲ. ನಮ್ಮದನ್ನು ಅದಕ್ಕೆ ಹೋಲಿಸುವುದು ಅತಿಯಾಯಿತು, ಗೊತ್ತು. ಆ ಬೆಳಿಗ್ಗೆ ಯಂತ್ರ ಮತ್ತೆ ಬಿಸಿಯಾಗುವವರೆಗೆ ಗಂಟೆಗಟ್ಟಲೆ ಕಾಯುತ್ತ ಕೂತಾಗ ತಲೆಯಲ್ಲಿ ಅದೇ ಓಡುತ್ತಿತ್ತು.

ಆಮೇಲೆ ಒಂದು ವಾರ ಬೇರೆ ಕೆಲಸ ಮಾಡಲಿಲ್ಲ. ಫ್ಯೂಯಲ್ ಸೆಲ್ ನಡೆಯಲು ಬೇಕಾದ ಒಂದೊಂದು ವಸ್ತುವಿನ ಬಾಲ ಹಿಡಿದು, ಅದಕ್ಕೆ ಕರೆಂಟು ಎಲ್ಲಿಂದ ಅಂತ ನಡೆದು ನೋಡಿದೆವು. ನಕ್ಷೆಯಲ್ಲಿ ಅಲ್ಲ, ಕಾಲಲ್ಲಿ. ಬಿಸಿ ಹೊರಗೆ ಹಾಕುವ ಕೂಲರ್‌ನ ಫ್ಯಾನ್, ಬಿಸಿನೀರಿನ ಪಂಪ್, ಸೋರಿಕೆ ಪತ್ತೆಯ ಪೆಟ್ಟಿಗೆ, ನೀರು ಶುದ್ಧ ಮಾಡುವ ಪಂಪ್, ಸಂದೇಶ ಸಾಗಿಸುವ ನೆಟ್‌ವರ್ಕ್ ಸ್ವಿಚ್. ಈ ಕೊನೆಯದೂ ಸಾಮಾನ್ಯ ಪ್ಯಾನಲಿನಲ್ಲೇ ಸಿಕ್ಕಿತು. ಕತ್ತಲಲ್ಲಿ ಕಂಟ್ರೋಲರ್ ಬ್ರೇಕರಿಗೆ ಏನು ಹೇಳಿದರೂ ಅದಕ್ಕೆ ಕೇಳುತ್ತಿರಲಿಲ್ಲ. ಎಲ್ಲವನ್ನೂ ದ್ವೀಪದ ಪ್ಯಾನಲಿಗೆ ತಂದೆವು, ಅತಿ ಮುಖ್ಯವಾದವಕ್ಕೆ ಬ್ಯಾಟರಿ ಇಟ್ಟೆವು.

ಎರಡನೆಯ ಪರೀಕ್ಷೆಯಲ್ಲಿ ಯಂತ್ರ ದ್ವೀಪವನ್ನು ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂವತ್ತು ಸೆಕೆಂಡಿನ ಮೇಲೆ ಮತ್ತೆ ಟ್ರಿಪ್. ಈ ಸಲ ಕಾರಣ ಬೇರೆ. ಕರೆಂಟು ಬಂದ ತಕ್ಷಣ ಲಿಫ್ಟು, ನೀರಿನ ಪಂಪು, ಗಾಳಿಯ ದೊಡ್ಡ ಫ್ಯಾನು ಎಲ್ಲ ಒಟ್ಟಿಗೆ ಶುರುವಾದವು. ಮೋಟರು ಏಳುವಾಗ ತನ್ನ ಮಾಮೂಲಿಗಿಂತ ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಗ್ರಿಡ್ಡಿಗೆ ಅದು ಲೆಕ್ಕಕ್ಕಿಲ್ಲ. ಡೀಸೆಲ್ ಜನರೇಟರಿಗೂ ತಿರುಗುವ ಭಾರದ ಬಲ ಇದೆ, ಒಂದು ಸಲ ಮುಗ್ಗರಿಸಿ ಎದ್ದುನಿಲ್ಲುತ್ತದೆ. ಇನ್ವರ್ಟರಿಗೆ ಅಂಥ ಬಲ ಇಲ್ಲ. ತನ್ನ ಮಿತಿಗಿಂತ ಸ್ವಲ್ಪ ಮೇಲೆ ಹೋಗಬಲ್ಲದು, ಅಷ್ಟೇ.

ಇದರ ಹಿಂದೆ ಇನ್ನೂ ಒಂದು ಸಂಗತಿ ಇದೆ, ತಂತ್ರಜ್ಞೆ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಸ್ಟ್ಯಾಕ್ ಚುರುಕು, ರಿಫಾರ್ಮರ್ ನಿಧಾನ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಲೋಡ್ ದಿಢೀರ್ ಏರಿದಾಗ ಸ್ಟ್ಯಾಕ್ ಕೊಡಲು ಸಿದ್ಧವೇ, ಆದರೆ ಅದಕ್ಕೆ ಬೇಕಾದ ಜಲಜನಕ ಇನ್ನೂ ಬಂದಿರುವುದಿಲ್ಲ. ಆಗ ಕರೆಂಟು ಎಳೆಯುತ್ತಲೇ ಇದ್ದರೆ ಸೆಲ್ಲಿನ ಒಳಗಿನ ಕಾರ್ಬನ್ನನ್ನೇ ಅದು ತಿನ್ನತೊಡಗುತ್ತದೆ. ಆ ಗಾಯ ಮತ್ತೆ ಮಾಯುವುದಿಲ್ಲ. ಹಾಗಾಗಿ ಕಂಟ್ರೋಲರ್ ಕಾಯುವುದಿಲ್ಲ, ಕತ್ತರಿಸಿಬಿಡುತ್ತದೆ. ಅದು ಟ್ರಿಪ್ ಆದದ್ದು ನಮ್ಮ ಪುಣ್ಯ.

ಪರಿಹಾರ ಸಾಲು ನಿಲ್ಲಿಸುವುದು. ಮೊದಲು ದೀಪ ಮತ್ತು ಯುಪಿಎಸ್. ಕೆಲವು ಸೆಕೆಂಡು ಬಿಟ್ಟು ಫ್ಯಾನ್. ಆಮೇಲೆ ಒಂದು ಲಿಫ್ಟ್, ಎರಡಲ್ಲ. ಆಮೇಲೆ ಪಂಪ್. ದೊಡ್ಡ ಮೋಟರುಗಳಿಗೆ ವೇಗ ನಿಧಾನವಾಗಿ ಏರಿಸುವ ಡ್ರೈವ್ ಹಾಕಿದೆವು. ಜೊತೆಗೆ ಒಂದು ಬ್ಯಾಟರಿ ಬ್ಯಾಂಕ್. ಏರಿಳಿತದ ಮೊದಲ ಹೊಡೆತ ಬ್ಯಾಟರಿಗೆ, ರಿಫಾರ್ಮರ್ ನಿಧಾನವಾಗಿ ಬಂದು ಸೇರಿಕೊಳ್ಳಲಿ ಅಂತ. ನನ್ನ ಕೇಳಿದರೆ ಬ್ಯಾಟರಿ ಇಲ್ಲದ ಫ್ಯೂಯಲ್ ಸೆಲ್ಲನ್ನು ಆಸ್ಪತ್ರೆಗೆ ಹಾಕಲೇಬಾರದು. ಶುರುವಿನಲ್ಲಿ ಇದನ್ನು ಖರ್ಚು ಅಂತ ಪಟ್ಟಿಯಿಂದ ತೆಗೆದದ್ದು ನಾವೇ.

ಲಾಗ್ ನೋಡುವಾಗ ಮತ್ತೊಂದು ಬಯಲಾಯಿತು. ಫ್ಯೂಯಲ್ ಸೆಲ್, ಬ್ರೇಕರ್ ರಿಲೇ, ಕಟ್ಟಡದ ಕಂಪ್ಯೂಟರ್ ಮೂರರ ಗಡಿಯಾರವೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಬ್ರೇಕರ್ ತೆರೆಯುವ ಮೊದಲೇ ಗ್ಯಾಸ್ ನಿಂತಿತು ಅಂತ ಒಂದು ಲಾಗ್ ಹೇಳುತ್ತಿತ್ತು. ಒಂದೇ ಗಡಿಯಾರಕ್ಕೆ ಎಲ್ಲವನ್ನೂ ಕಟ್ಟಿದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಜಗಳ ನಿಂತಿತು.

ಮೂರನೆಯ ಪರೀಕ್ಷೆ ಗೆದ್ದಿತು. ಗ್ರಿಡ್ ಹೋದದ್ದರಿಂದ ದ್ವೀಪ ಹಿಡಿದದ್ದಕ್ಕೆ ಹತ್ತು ಸೆಕೆಂಡು.

ಸ್ಮಾರ್ಟ್ ಗ್ರಿಡ್ ಭಾಗ ಇದರ ನಂತರದ್ದು. ಬೇಡಿಕೆ ಏರಿದಾಗ ಗ್ರಿಡ್ ನಡೆಸುವವರ ಕಂಪ್ಯೂಟರಿನಿಂದ ನಮ್ಮ ಕಂಟ್ರೋಲರಿಗೆ ಸಂದೇಶ ಬರುತ್ತದೆ, ಇಷ್ಟು ಹೊತ್ತು ಇಷ್ಟು ಕಡಿಮೆ ಎಳೆಯಿರಿ ಅಂತ. ಅವರ ಮೊದಲ ಆಸೆ ಫ್ಯೂಯಲ್ ಸೆಲ್ಲನ್ನೇ ಏರಿಸಿ ಇಳಿಸುವುದಾಗಿತ್ತು. ನಾನು ಒಪ್ಪಲಿಲ್ಲ. ಅದು ಆಗಲೇ ಪೂರ್ತಿ ಓಡುತ್ತಿದೆ, ಏರಿಸಲು ಜಾಗವಿಲ್ಲ. ದಿನಕ್ಕೆ ಹತ್ತು ಸಲ ಇಳಿಸಿ ಏರಿಸಿದರೆ ಸ್ಟ್ಯಾಕಿನ ಆಯುಸ್ಸು ಹೋಗುತ್ತದೆ. ಅವರ ಎಂಜಿನಿಯರ್ ಅರ್ಥ ಮಾಡಿಕೊಂಡರು. ಈಗ ಸಂದೇಶ ಬಂದರೆ ಬ್ಯಾಟರಿ ಕೊಡುತ್ತದೆ, ತಂಪು ನೀರಿನ ಯಂತ್ರ ಸ್ವಲ್ಪ ತಗ್ಗುತ್ತದೆ. ಫ್ಯೂಯಲ್ ಸೆಲ್ ತನ್ನ ಪಾಡಿಗೆ ತಾನು. ಬಡಾವಣೆಗೆ ಕರೆಂಟು ತರುವ ಫೀಡರ್ ಲೈನಿನ ತುದಿಯಲ್ಲಿ ಒಂದು ಕಟ್ಟಡ ದಿನವಿಡೀ 400 ಕಿಲೋವ್ಯಾಟ್ ಕಡಿಮೆ ಎಳೆಯುವುದೇ ಅವರಿಗೆ ದೊಡ್ಡ ಉಪಕಾರ ಅಲ್ವಾ? ಲೈನ್ ತಣ್ಣಗಿರುತ್ತದೆ, ವೋಲ್ಟೇಜ್ ಕುಸಿಯದೆ ನಿಲ್ಲುತ್ತದೆ.

ನಿಜವಾದ ಪರೀಕ್ಷೆ ಬಂದದ್ದು ಎಂಟು ತಿಂಗಳ ಮೇಲೆ, ಒಂದು ಮಳೆಯ ರಾತ್ರಿ. ಮರ ಬಿದ್ದು ಲೈನ್ ಹೋಗಿತ್ತು. ನನ್ನ ಫೋನಿಗೆ ಸಂದೇಶ ಬಂತು. ನಾನು ಶರ್ಟ್ ಹಾಕಿಕೊಳ್ಳುವಷ್ಟರಲ್ಲಿ ಎರಡನೆಯ ಸಂದೇಶ, ದ್ವೀಪ ಸರಿಯಾಗಿ ನಡೆಯುತ್ತಿದೆ ಎಂದು. ಆದರೂ ಹೋದೆ. ಪ್ಯಾನಲ್ ಕೋಣೆಯಲ್ಲಿ ರಾತ್ರಿ ಪಾಳಿಯ ಹುಡುಗ ಕೈಕಟ್ಟಿ ನಿಂತಿದ್ದ. "ನಾನೇನೂ ಮುಟ್ಟಿಲ್ಲ ಸಾರ್" ಅಂದ. ಅವನು ಹೆದರಿ ಹೇಳಿದ್ದೋ, ಹೆಮ್ಮೆಯಿಂದ ಹೇಳಿದ್ದೋ ಗೊತ್ತಾಗಲಿಲ್ಲ. ಡೀಸೆಲ್ ಎದ್ದು ಬೆಚ್ಚಗಾಗಿ, ಕೆಲಸವಿಲ್ಲದೆ ತಾನೇ ಮಲಗಿತ್ತು.

ಮೂರು ಗಂಟೆಯ ಮೇಲೆ ಗ್ರಿಡ್ ಬಂತು. ಬಂದ ತಕ್ಷಣ ಓಡಿಹೋಗಿ ಕೈ ಹಿಡಿಯುವಂತಿಲ್ಲ. ವೋಲ್ಟೇಜ್, ಆವರ್ತನ ಸ್ಥಿರವಾಗಿವೆಯಾ ಅಂತ ಐದು ನಿಮಿಷ ಕಾಯಬೇಕು. ಕಾದೆವು. ಎರಡನೆಯ ನಿಮಿಷಕ್ಕೆ ಗ್ರಿಡ್ ಮತ್ತೆ ಹೋಯಿತು, ಎಣಿಕೆ ಮೊದಲಿನಿಂದ. ಆ ಕಾಯುವ ನಿಯಮದ ಬೆಲೆ ನನಗೆ ತಿಳಿದದ್ದು ಅಲ್ಲೇ. ಎರಡನೆಯ ಸಲ ಗ್ರಿಡ್ ಸ್ಥಿರವಾಗಿ ಉಳಿಯಿತು. ಬ್ರೇಕರ್ ಮುಚ್ಚಿದಾಗ ಕೋಣೆಯ ದೀಪ ಅಲುಗಲೂ ಇಲ್ಲ.

ಡೀಸೆಲ್ ಜನರೇಟರುಗಳನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಬರುವ ತಿಂಗಳು ಗಂಧಕ ಹಿಡಿಯುವ ಡಬ್ಬಿ ಮತ್ತು ನೀರು ಶುದ್ಧ ಮಾಡುವ ರೆಸಿನ್ ಬದಲಿಸಬೇಕು. ಆ ಹೊತ್ತು ಫ್ಯೂಯಲ್ ಸೆಲ್ ನಿಂತಿರುತ್ತದೆ, ಡೀಸೆಲ್ ಕಾವಲಿಗೆ ಇರುತ್ತದೆ. ಗ್ಯಾಸ್ ವಾಲ್ವಿನ ಬ್ರೇಕರ್ ಮೇಲೆ ಈಗ ಒಂದು ಹಳದಿ ಚೀಟಿ ಅಂಟಿಸಿದ್ದೇವೆ. ಯಾರೋ ಅದರ ಮೇಲೆ ಪೆನ್ನಿನಲ್ಲಿ ಬರೆದಿದ್ದಾರೆ: ಇದನ್ನು ಆಫ್ ಮಾಡುವ ಮೊದಲು ಸಾರ್‌ಗೆ ಫೋನ್ ಮಾಡಿ.